ಟೈಮಿಂಗ್ ಬೆಲ್ಟ್ ಕಟ್ಟಾದರೆ: ಹಳೆಯ ಕಾರು, ವ್ಯಾನ್ ಇಟ್ಟುಕೊಂಡಿರುವ ಸದಸ್ಯರ ಗಮನಕ್ಕೆ



ಕೆಚ್ಚಲು ಬಾವು, ಹಸಿರು ಮೇವು, ಖನಿಜ ಮಿಶ್ರಣ, ಕೃತಕ ಗರ್ಭಧಾರಣೆ ಮುಂತಾದ ವಿಷಯಗಳನ್ನು ತಾವು ಈ ಪತ್ರಿಕೆಯಲ್ಲಿ ತಪ್ಪದೆ ಓದುತ್ತಾ ಬಂದಿದ್ದೀರಿ. ಈ ಸಂಚಿಕೆಯಲ್ಲಿ ಕೊಟ್ಟಿಗೆಯಿಂದ ಸ್ವಲ್ಪ ಹೊರಗೆ ಬಂದು, ಅಂಗಳದಲ್ಲಿ ನಿಂತಿರುವ ಹಳೆಯ ಕಾರಿನ ಕಡೆ ನೋಡೋಣ. ಈಗ ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ಕೈ ಬದಲಾಗಿ ಬಂದ ಒಂದು ಮಾರುತಿ 800, ಒಂದು ಓಮ್ನಿ ಅಥವಾ ಹಳೆಯ ಡೀಸೆಲ್ ಕಾರು ಇದೆ. ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಅದೇ. ಬೂಸಾ ಮೂಟೆಗೆ ಅದೇ. ತೋಟದ ಮನೆಯಿಂದ ಸಂಘಕ್ಕೆ ಹಾಲಿನ ಕ್ಯಾನು ಸಾಗಿಸಲೂ ಅದೇ. ಒಮ್ಮೆ ಒಬ್ಬರು ಓಮ್ನಿಯ ಹಿಂದೆ ಕರುವನ್ನು ಕೂರಿಸಿಕೊಂಡು ಪಶು ಆಸ್ಪತ್ರೆಗೆ ಬಂದದ್ದನ್ನೂ ನಾನು ಕಂಡಿದ್ದೇನೆ.

ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು. ಇಂಡಿಕಾ 2018ರಲ್ಲಿ, ಓಮ್ನಿ 2019ರಲ್ಲಿ ನಿಂತವು. ಅಂದ ಮೇಲೆ ಇಂದು ರಸ್ತೆಯ ಮೇಲಿರುವ ಇಂತಹ ಪ್ರತಿಯೊಂದು ವಾಹನವೂ ಹಳೆಯದೇ. ಹೊರಗಿನಿಂದ ಎಷ್ಟೇ ಬಣ್ಣ ಹೊಡೆಸಿದರೂ ಇಂಜಿನ್ನಿನ ಒಳಗಿನ ಒಂದು ರಬ್ಬರ್ ಪಟ್ಟಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ. ಆ ಪಟ್ಟಿಗೇ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ.

ಒಂದು ಬೆಳಗಿನ ಸಂಗತಿ

ಒಕ್ಕೂಟದ ಸಾರಿಗೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ನಾನೇ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬೇಸಿಗೆಯ ದಿನ, ಬೆಳಿಗ್ಗೆ ಸುಮಾರು ಏಳು ಗಂಟೆ. ಒಬ್ಬ ಸದಸ್ಯರು ತಮ್ಮ ಮತ್ತು ಅಕ್ಕಪಕ್ಕದ ಮೂರು ಮನೆಯ ಹಾಲನ್ನು ಮೂರು ಕ್ಯಾನುಗಳಲ್ಲಿ ತುಂಬಿ, ಹಿಂದಿನ ಸೀಟು ತೆಗೆದಿದ್ದ ಹಳೆಯ ಡೀಸೆಲ್ ಕಾರಿನಲ್ಲಿ ಸಂಘಕ್ಕೆ ಹೊರಟಿದ್ದರು. ಏರು ಹತ್ತುವಾಗ ಇಂಜಿನ್ ಒಮ್ಮೆಲೇ ನಿಂತಿತು. ಕೆಮ್ಮಲಿಲ್ಲ, ಹೊಗೆ ಬರಲಿಲ್ಲ, ಎಳೆತ ಕಡಿಮೆಯಾಗಲಿಲ್ಲ. ದೀಪ ಆರಿಸಿದ ಹಾಗೆ ನಿಂತುಹೋಯಿತು.

ಅವರು ಸೆಲ್ಫ್ ಹೊಡೆದರು. ಇಂಜಿನ್ ಎಂದಿಗಿಂತ ಹಗುರವಾಗಿ, ಜೋರಾಗಿ ತಿರುಗಿತೇ ಹೊರತು ಹತ್ತಲಿಲ್ಲ. ಡೀಸೆಲ್ಲಿನಲ್ಲಿ ಗಾಳಿ ಸೇರಿರಬೇಕು ಎಂದುಕೊಂಡು ಕೈಪಂಪು ಒತ್ತಿ ಮತ್ತೆ ಸೆಲ್ಫ್ ಹೊಡೆದರು. ಹೀಗೆ ಹತ್ತು ಹನ್ನೆರಡು ಸಲ. ಅಷ್ಟರಲ್ಲಿ ಶಾಲೆಗೆ ಹೊರಟಿದ್ದ ಹುಡುಗರು ಸೇರಿದರು. "ಅಣ್ಣ, ತಳ್ತೀವಿ, ಸೆಕೆಂಡ್ ಗೇರ್ ಹಾಕಿ ಬಿಡಿ" ಎಂದು ಕಾರನ್ನು ಹಿಂದಕ್ಕೆ ತಿರುಗಿಸಿ ಇಳಿಜಾರಿನಲ್ಲಿ ತಳ್ಳಿದರು. ಕ್ಲಚ್ ಬಿಟ್ಟಾಗ ಕಡಕಡ ಸದ್ದು ಬಂತು. ಆಗ ಅವರಿಗೆ ಏನೋ ಆಗಿದೆ ಎಂದು ತಿಳಿಯಿತು.

ನಾನು ಅಲ್ಲಿಗೆ ತಲುಪಿದಾಗ ಎರಡೂವರೆ ಗಂಟೆ ಕಳೆದಿತ್ತು. ಕ್ಯಾನುಗಳು ಬಿಸಿಲಿಗೆ ಕಾದ ಕಾರಿನೊಳಗೇ ಇದ್ದವು. ಬೇರೆ ಗಾಡಿಯಲ್ಲಿ ಹಾಕಿ ಕಳಿಸಿದೆವು, ಆದರೆ ಸಂಘದಲ್ಲಿ ಪರೀಕ್ಷೆಗೆ ಕುದಿಸಿದಾಗ ಹಾಲು ಒಡೆಯಿತು. ನಾಲ್ಕು ಮನೆಯ ಒಂದು ಹೊತ್ತಿನ ಹಾಲು ವಾಪಸ್ಸು. ಇಂಜಿನ್ ಹೆಡ್ ಬಿಚ್ಚಿದಾಗ ಎಲ್ಲ ವಾಲ್ವ್‌ಗಳೂ ಬಾಗಿದ್ದವು, ಒಂದು ಪಿಸ್ಟನ್ನಿನ ತಲೆ ಬಿರುಕು ಬಿಟ್ಟಿತ್ತು. ಬೆಲ್ಟ್ ಕಟ್ಟಾದ ಕ್ಷಣದಲ್ಲಿ ಎಷ್ಟು ಹಾಳಾಗಿತ್ತು, ಆಮೇಲೆ ತಳ್ಳಿದ್ದರಿಂದ ಎಷ್ಟು ಹಾಳಾಯಿತು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಹಾಲು ಮಾತ್ರ ಖಂಡಿತವಾಗಿ ಉಳಿಯಬಹುದಿತ್ತು.

ಈ ಬೆಲ್ಟಿನ ಕೆಲಸವೇನು?

ಇಂಜಿನ್ನಿನ ಕೆಳಗೆ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ಶಾಫ್ಟ್ ಇದೆ. ಮೇಲೆ ಹೆಡ್ಡಿನಲ್ಲಿ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಇದೆ. ಕೆಳಗಿನದು ಎರಡು ಸುತ್ತು ಸುತ್ತಿದರೆ ಮೇಲಿನದು ಸರಿಯಾಗಿ ಒಂದು ಸುತ್ತು ಸುತ್ತಬೇಕು. ಕೂದಲೆಳೆಯಷ್ಟೂ ಲೆಕ್ಕ ತಪ್ಪುವಂತಿಲ್ಲ. ಇಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಈ ಎರಡು ಶಾಫ್ಟ್‌ಗಳ ಲೆಕ್ಕವನ್ನು ಹಿಡಿದಿಟ್ಟಿರುವುದೇ ಟೈಮಿಂಗ್ ಬೆಲ್ಟ್.

ತಮ್ಮ ಮೇವು ಕತ್ತರಿಸುವ ಯಂತ್ರದ ಬೆಲ್ಟನ್ನೂ ಇದನ್ನೂ ಹೋಲಿಸಿ ನೋಡಿ. ಅದು ಹಲ್ಲಿಲ್ಲದ ಬೆಲ್ಟ್. ಹೆಚ್ಚು ಹುಲ್ಲು ತುರುಕಿದರೆ ಜಾರುತ್ತದೆ, ಕಮಟು ವಾಸನೆ ಬರುತ್ತದೆ, ನಾವು ಕೈ ತಡೆಯುತ್ತೇವೆ. ಟೈಮಿಂಗ್ ಬೆಲ್ಟಿಗೆ ಒಳಮೈಯಲ್ಲಿ ಹಲ್ಲುಗಳಿವೆ, ಏಕೆಂದರೆ ಅದು ಜಾರಕೂಡದು. ಒಳಗೆ ಗಾಜಿನ ನಾರಿನ ಎಳೆ, ಹೊರಗೆ ರಬ್ಬರ್. ಎಳೆಗಳು ಒಳಗೊಳಗೇ ಸವೆದರೂ ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣಬಹುದು. ಆದ್ದರಿಂದ ಬಹಳ ಸಲ ಅದು ಸದ್ದು ಮಾಡುವುದಿಲ್ಲ, ವಾಸನೆ ಕೊಡುವುದಿಲ್ಲ. ಇದೇ ಇದರ ದೊಡ್ಡ ತೊಂದರೆ.

ನಮ್ಮ ಹಿರಿಯರಿಗೆ, ಹಳ್ಳಿಯ ಕೆಲವು ಅನುಭವಸ್ಥ ಮೆಕ್ಯಾನಿಕ್ಕರಿಗೂ ಸಹ, ಇದರ ಬಗ್ಗೆ ಅಷ್ಟಾಗಿ ಗಮನವಿಲ್ಲದಿರುವುದಕ್ಕೆ ಕಾರಣವಿದೆ. ಟ್ರ್ಯಾಕ್ಟರಿನಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಉಕ್ಕಿನ ಗೇರುಗಳು ಮಾಡುತ್ತವೆ. ಹಳೆಯ ಪೆಟ್ರೋಲ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಚೈನು ಇತ್ತು. ಅವು ಸವೆದರೆ ಗಲಗಲ ಸದ್ದು ಮಾಡಿ ಎಚ್ಚರಿಸುತ್ತಿದ್ದವು. ರಬ್ಬರ್ ಬೆಲ್ಟ್ ಕಾರಿಗೆ ಬಂದದ್ದು 1962ರ ಸುಮಾರಿಗೆ, ಜರ್ಮನಿಯ ಗ್ಲಾಸ್ ಎಂಬ ಕಂಪನಿಯಿಂದ. (ಆ ಕಂಪನಿ ಕಾರು ಮಾಡುವ ಮೊದಲು ಬಿತ್ತನೆ ಯಂತ್ರ ಮಾಡುತ್ತಿತ್ತು ಎಂಬುದು ರೈತರಿಗೆ ಸ್ವಾರಸ್ಯವೆನಿಸಬಹುದು.) ನಮ್ಮಲ್ಲಿ ಅದು ಮನೆಮಾತಾದದ್ದು ಮಾರುತಿ ಬಂದ ಮೇಲೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಪೆಟ್ರೋಲ್ ಇಂಜಿನ್ನೇ 800ರಲ್ಲೂ ಓಮ್ನಿಯಲ್ಲೂ ಇದ್ದದ್ದು, ಎರಡರಲ್ಲೂ ಇರುವುದು ಬೆಲ್ಟೇ. ಇಂಡಿಕಾದ ಹಳೆಯ 1405 ಸಿ.ಸಿ. ಡೀಸೆಲ್ ಇಂಜಿನ್ನಿನಲ್ಲೂ ಬೆಲ್ಟ್ ಇದೆ. ಸ್ವಿಫ್ಟ್ ಡೀಸೆಲ್ಲಿನ 1.3 ಲೀಟರ್ ಇಂಜಿನ್ನಿನಲ್ಲಿ ಚೈನು. ಓಮ್ನಿಗೆ ಗ್ಯಾಸ್ ಹಾಕಿಸಿಕೊಂಡಿದ್ದರೂ ಬೆಲ್ಟಿನ ಲೆಕ್ಕ ಬದಲಾಗುವುದಿಲ್ಲ.

ಕಟ್ಟಾದಾಗ ಒಳಗೆ ಏನಾಗುತ್ತದೆ?

ಬೆಲ್ಟ್ ಹೋದ ಕೂಡಲೇ ಕ್ಯಾಮ್ ಶಾಫ್ಟ್ ನಿಂತುಬಿಡುತ್ತದೆ. ಯಾವ ವಾಲ್ವ್‌ಗಳು ಆಗ ತೆರೆದಿದ್ದವೋ ಅವು ತೆರೆದೇ ಉಳಿಯುತ್ತವೆ. ಆದರೆ ಪಿಸ್ಟನ್ನುಗಳು ವೇಗದಲ್ಲಿರುವುದರಿಂದ, ಅದರಲ್ಲೂ ಗಾಡಿ ಗೇರಿನಲ್ಲಿ ಉರುಳುತ್ತಿದ್ದರೆ, ಇನ್ನೂ ಮೇಲೆ ಕೆಳಗೆ ಆಡುತ್ತಲೇ ಇರುತ್ತವೆ. ಕೆಲವು ಪೆಟ್ರೋಲ್ ಇಂಜಿನ್ನುಗಳಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗಲೂ ತೆರೆದ ವಾಲ್ವಿಗೆ ತಾಗದಷ್ಟು ಜಾಗ ಬಿಟ್ಟಿರುತ್ತಾರೆ. ಅಂತಹ ಇಂಜಿನ್ನಿನಲ್ಲಿ ಹೊಸ ಬೆಲ್ಟ್ ಹಾಕಿದರೆ ಕೆಲಸ ಮುಗಿಯಿತು. ಬೇರೆ ಕೆಲವು ಪೆಟ್ರೋಲ್ ಇಂಜಿನ್ನುಗಳಲ್ಲಿ ಅಷ್ಟು ಜಾಗವಿಲ್ಲ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ.

ಡೀಸೆಲ್ಲಿನ ವಿಷಯದಲ್ಲಿ ಅನುಮಾನವೇ ಬೇಡ. ಪೆಟ್ರೋಲ್ ಇಂಜಿನ್ನು ಗಾಳಿಯನ್ನು ಸುಮಾರು ಒಂಬತ್ತರಲ್ಲಿ ಒಂದು ಭಾಗಕ್ಕೆ ಒತ್ತಿದರೆ, ಹಳೆಯ ಡೀಸೆಲ್ ಕಾರಿನ ಇಂಜಿನ್ನು ಇಪ್ಪತ್ತರಲ್ಲಿ ಒಂದು ಭಾಗಕ್ಕೂ ಹೆಚ್ಚು ಒತ್ತುತ್ತದೆ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಅಷ್ಟು ಕಿರಿದು. ಅಲ್ಲಿ ತೆರೆದ ವಾಲ್ವಿಗೆ ಎಡೆಯಿಲ್ಲ.

ನಿಮ್ಮ ಗಾಡಿ ಯಾವ ಬಗೆಯದು ಎಂದು ರಸ್ತೆ ಬದಿಯಲ್ಲಿ ನಿಂತು ಚರ್ಚೆ ಮಾಡುವ ಅಗತ್ಯವಿಲ್ಲ. "ಇದಕ್ಕೇನೂ ಆಗಲ್ಲ, ಹೊಡೀರಿ ಸೆಲ್ಫು" ಎಂದು ಹೇಳುವವರು ಯಾವಾಗಲೂ ಒಬ್ಬರು ಸಿಗುತ್ತಾರೆ. ರಿಪೇರಿ ಖರ್ಚು ಕೊಡುವವರು ಅವರಲ್ಲ. ಪೆಟ್ರೋಲಾಗಲಿ ಡೀಸೆಲ್ಲಾಗಲಿ, ವಾಲ್ವ್ ಬಾಗುವ ಇಂಜಿನ್ ಎಂದೇ ತಿಳಿದು ನಡೆದುಕೊಳ್ಳಿ.

ದಾರಿಯಲ್ಲಿ ಗುರುತಿಸುವುದು ಹೇಗೆ?

ಓಡುತ್ತಿದ್ದ ಇಂಜಿನ್ ಯಾವ ಮುನ್ಸೂಚನೆಯೂ ಇಲ್ಲದೆ ನಿಂತರೆ ಮೊದಲು ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್ ಮಾಡಿ, ಉರುಳುವ ವೇಗದಲ್ಲೇ ಗಾಡಿಯನ್ನು ಎಡಬದಿಗೆ ತನ್ನಿ. ಕೀ ಪೂರ್ತಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು. ಬೂಸ್ಟರ್ ಇರುವ ಬ್ರೇಕಾದರೆ ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ. ಹೆದರದೆ ಬಲವಾಗಿ ಒಂದೇ ಸಲ ಒತ್ತಿ ಹಿಡಿಯಿರಿ.

ಅಭ್ಯಾಸಬಲದಿಂದ ಎಲ್ಲರೂ ಒಮ್ಮೆ ಸೆಲ್ಫ್ ಹೊಡೆದೇ ಹೊಡೆಯುತ್ತಾರೆ. ಆ ಒಂದು ಸಲ ಕಿವಿಗೊಟ್ಟು ಕೇಳಿದರೆ ಸಾಕು. ಸರಿಯಾದ ಇಂಜಿನ್ನು ತಿರುಗುವಾಗ ಒಂದೊಂದು ಸಿಲಿಂಡರಿಗೂ ಸ್ವಲ್ಪ ತಡೆದು ತಡೆದು ತಿರುಗುತ್ತದೆ. ಬೆಲ್ಟ್ ಹೋದ ಇಂಜಿನ್ನು ತಡೆಯಿಲ್ಲದೆ ಗುಂಯ್ ಎಂದು ತಿರುಗುತ್ತದೆ. ಈ ಸದ್ದು ಕೇಳಿದ ಮೇಲೆ ಎರಡನೆಯ ಸಲ ಕೀ ತಿರುಗಿಸಬಾರದು. ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಬ್ಯಾಟರಿ ಇಳಿದಾಗ ತಳ್ಳುವುದು ಸರಿ, ಬ್ಯಾಟರಿ ಚೆನ್ನಾಗಿದ್ದೂ ಇಂಜಿನ್ ಹಗುರವಾಗಿ ತಿರುಗುತ್ತಿದ್ದರೆ ತಳ್ಳುವುದರಿಂದ ಬರುವುದು ನಷ್ಟ ಮಾತ್ರ.

ಫ್ಯಾನ್ ಬೆಲ್ಟನ್ನೂ ಇದನ್ನೂ ಗೊಂದಲ ಮಾಡಿಕೊಳ್ಳಬಾರದು. ಫ್ಯಾನ್ ಬೆಲ್ಟ್ ಹೊರಗೆ ಕಾಣುತ್ತದೆ. ಅದು ಕಟ್ಟಾದರೆ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಇಂಜಿನ್ ಓಡುತ್ತಲೇ ಇದ್ದು ನಿಧಾನವಾಗಿ ಬಿಸಿಯೇರುತ್ತದೆ. ಹಿಂದೆ ಲಾರಿ ಚಾಲಕರು ಹಗ್ಗ ಕಟ್ಟಿಯೋ ಬಟ್ಟೆ ಹೊಸೆದು ಕಟ್ಟಿಯೋ ನಾಲ್ಕಾರು ಮೈಲಿ ಸಾಗಿದ ಕಥೆಗಳೆಲ್ಲ ಫ್ಯಾನ್ ಬೆಲ್ಟಿನವು. ಟೈಮಿಂಗ್ ಬೆಲ್ಟಿಗೆ ಅಂತಹ ಯಾವ ಉಪಾಯವೂ ಇಲ್ಲ.

ಮೊದಲು ಹಾಲು, ಆಮೇಲೆ ಗಾಡಿ

ಗಾಡಿ ಈ ದಿನ ಓಡುವುದಿಲ್ಲ ಎಂದು ಮನಸ್ಸಿಗೆ ತಂದುಕೊಂಡರೆ ಉಳಿದದ್ದು ಸುಲಭವಾಗುತ್ತದೆ. ನಷ್ಟವಾಗುವುದು "ಇನ್ನೇನು ಹತ್ತಿಬಿಡುತ್ತೆ" ಎಂದು ಕಾಯುತ್ತಾ ಕೂರುವುದರಿಂದ. ಕರೆದ ಹಾಲು ಹಸುವಿನ ಮೈಯ ಬಿಸಿಯಲ್ಲೇ ಇರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣು ಜೀವಿಗಳು ಅತಿ ವೇಗವಾಗಿ ವೃದ್ಧಿಯಾಗುತ್ತವೆ. ಶೀತಲ ಘಟಕದಲ್ಲಿ 4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸುವವರೆಗೆ ಪ್ರತಿಯೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಸಂಘದ ಕಾರ್ಯದರ್ಶಿಯವರಿಗೆ ಕೂಡಲೇ ಫೋನ್ ಮಾಡಿ, ಎಲ್ಲಿ ನಿಂತಿದ್ದೀರಿ, ಎಷ್ಟು ಲೀಟರ್ ಇದೆ, ಎಷ್ಟು ಹೊತ್ತಿಗೆ ಕರೆದದ್ದು ಎಂದು ತಿಳಿಸಿ. ಹಾದುಹೋಗುವ ಆಟೋ, ಟೆಂಪೋ, ಟ್ರ್ಯಾಕ್ಟರ್ ಯಾವುದಾದರೂ ಸರಿ, ಕ್ಯಾನುಗಳನ್ನು ಮುಂದಕ್ಕೆ ಕಳಿಸಿ, ಜೊತೆಗೆ ಮನೆಯವರೊಬ್ಬರನ್ನು ಕೂರಿಸಿ. ಗಾಡಿ ಸಿಗುವವರೆಗೆ ಕ್ಯಾನುಗಳನ್ನು ಕಾರಿನಿಂದ ಇಳಿಸಿ ಮರದ ನೆರಳಿನಲ್ಲಿಡಿ, ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಆಗಾಗ ನೀರು ಚಿಮುಕಿಸಿ. ಮುಚ್ಚಳ ತೆಗೆಯಬೇಡಿ. ಹಾಲು ಉಳಿಯಲೆಂದು ಮಂಜುಗಡ್ಡೆ, ನೀರು, ಸೋಡಾ ಯಾವುದನ್ನೂ ಒಳಗೆ ಹಾಕಕೂಡದು. ನೀರು ಬೆರೆತರೆ ಎಸ್.ಎನ್.ಎಫ್. ಇಳಿಯುತ್ತದೆ, ಸೋಡಾ ಹಾಕುವುದು ಕಲಬೆರಕೆ. ಅನಿವಾರ್ಯವಾಗಿ ಆದ ತಡವನ್ನು ಸಂಘದವರು ಅರ್ಥ ಮಾಡಿಕೊಂಡಾರು, ಕಲಬೆರಕೆಯನ್ನು ಒಪ್ಪುವುದಿಲ್ಲ. ತಡವಾಗಿ ತಲುಪಿದ ಹಾಲನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಿ. ಸಂಘದ ಉಳಿದ ಹಾಲಿಗೆ ಸುರಿದ ಮೇಲೆ ಗೊತ್ತಾದರೆ ಊರಿನ ಹಾಲೆಲ್ಲಾ ಹಾಳು.

ಇನ್ನು ಗಾಡಿ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದಾದರೆ ನ್ಯೂಟ್ರಲ್ಲಿನಲ್ಲಿಟ್ಟು, ಕೀ ಆನ್ ಮಾಡಿ, ನಿಧಾನವಾಗಿ ಎಳೆಸಿ. ಒಳಗೆ ಕೂತವರಿಗೆ ಗಟ್ಟಿಯಾದ ಬ್ರೇಕಿನ ಅರಿವಿರಬೇಕು. ಎಳೆಯುವಾಗ ಗೇರ್ ಹಾಕಿ "ಒಂದ್ಸಲ ನೋಡೋಣ" ಎನ್ನುವ ಆಸೆಯನ್ನು ತಡೆದುಕೊಳ್ಳಿ.

ಗ್ಯಾರೇಜಿನಲ್ಲಿ ತಾವು ಕೇಳಬೇಕಾದದ್ದು

ತಿಳಿದ ಮೆಕ್ಯಾನಿಕ್ ಮೊದಲು ಬೆಲ್ಟಿನ ಕವರ್ ಬಿಚ್ಚಿ ನೋಡುತ್ತಾರೆ. ಬೆಲ್ಟ್ ಕಟ್ಟಾಗಿದೆಯೋ, ಹಲ್ಲುಗಳು ಉದುರಿವೆಯೋ, ಅಥವಾ ಬೆಲ್ಟ್ ಸರಿಯಿದ್ದು ಟೆನ್ಷನರ್ ಬೇರಿಂಗ್ ಹಿಡಿದುಕೊಂಡಿದೆಯೋ ಎಂಬುದು ಮುಖ್ಯ. ಕಾರಣ ಹುಡುಕದೆ ಹೊಸ ಬೆಲ್ಟ್ ಹಾಕಿದರೆ ಅದೂ ಬೇಗನೆ ಹೋಗುತ್ತದೆ. ಶಾಫ್ಟಿನ ತುದಿಯ ಆಯಿಲ್ ಸೀಲಿನಿಂದ ಎಣ್ಣೆ ಸೋರಿ ರಬ್ಬರನ್ನು ತಿಂದಿರಬಹುದು. ನಮ್ಮ ಕಡೆ ಇನ್ನೊಂದು ಕಾರಣ ಸಾಮಾನ್ಯ: ಹಿಂದೆ ಯಾರೋ ಕವರಿನ ಎರಡು ಬೋಲ್ಟ್ ಹಾಕದೆ ಬಿಟ್ಟಿರುತ್ತಾರೆ, ಕವರ್ ಒಡೆದಿರುತ್ತದೆ. ಒಣಹುಲ್ಲಿನ ಚೂರು, ಕೆಸರು, ಸಣ್ಣ ಕಲ್ಲು ಒಳಗೆ ಸೇರಿ ಬೆಲ್ಟನ್ನು ಕಡಿಯುತ್ತವೆ.

ಹೆಡ್ ಬಿಚ್ಚಲೇಬೇಕೇ ಎಂಬುದು ಮುಂದಿನ ಪ್ರಶ್ನೆ. ಪೆಟ್ರೋಲ್ ಗಾಡಿಯಲ್ಲಿ ಹೊಸ ಬೆಲ್ಟನ್ನು ಗುರುತಿಗೆ ಗುರುತು ಸೇರಿಸಿ ಹಾಕಿ, ಪ್ಲಗ್ಗುಗಳನ್ನು ಬಿಚ್ಚಿ, ಇಂಜಿನ್ನನ್ನು ಸೆಲ್ಫಿನಿಂದಲ್ಲ, ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ತಡೆಯದಿದ್ದರೆ ಗುರುತುಗಳನ್ನು ಮತ್ತೆ ನೋಡಿ, ಆಮೇಲೆ ಸೆಲ್ಫ್ ಹೊಡೆದು ಒಂದೊಂದು ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಎಲ್ಲವೂ ಸಮನಾಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಒಂದರಲ್ಲಿ ಒತ್ತಡವೇ ಇಲ್ಲದಿದ್ದರೆ ಅಲ್ಲಿ ವಾಲ್ವ್ ಬಾಗಿದೆ, ಹೆಡ್ ಬಿಚ್ಚಲೇಬೇಕು. ಈ ಪರೀಕ್ಷೆ ಮಾಡದೆ "ಹೆಡ್ ಇಳಿಸೋಣ" ಎಂದರೂ ತಪ್ಪು, ಮಾಡದೆ "ಏನೂ ಆಗಿಲ್ಲ" ಎಂದರೂ ತಪ್ಪು. ಡೀಸೆಲ್ಲಾದರೆ ಹೆಡ್ ಬಿಚ್ಚುವುದೆಂದೇ ತಿಳಿದು ಹಣ ಹೊಂದಿಸಿಕೊಳ್ಳಿ.

ಬಾಗಿದ ವಾಲ್ವನ್ನು ಬಡಿದು ನೇರ ಮಾಡಿ ಹಾಕಿಸಿಕೊಳ್ಳಬೇಡಿ. ಅದು ಓಡುತ್ತಾ ಮುರಿದು ಸಿಲಿಂಡರಿಗೆ ಬಿದ್ದರೆ ಇಡೀ ಇಂಜಿನ್ ಹೋಗುತ್ತದೆ. ಹೆಡ್ ಗ್ಯಾಸ್ಕೆಟ್ ಹೊಸದೇ ಆಗಬೇಕು. ಬೆಲ್ಟಿನ ಜೊತೆಗೆ ಟೆನ್ಷನರ್ ಬೇರಿಂಗನ್ನೂ, ಸೋರುವ ಸೀಲುಗಳನ್ನೂ ಬದಲಿಸಿ. ಕೆಲವು ಗಾಡಿಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ. ಅಂತಹದರಲ್ಲಿ ಪಂಪನ್ನೂ ಆಗಲೇ ಬದಲಿಸುವುದು ಲೇಸು. ಇವೆಲ್ಲಾ ಸಣ್ಣ ಸಾಮಾನು, ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು.

ಹೆಡ್ ಕೆಲಸದ ಖರ್ಚು ಗಾಡಿಯ ಬೆಲೆಯ ಹತ್ತಿರ ಬರುವುದೂ ಉಂಟು. ಆಗ ಏನು ಮಾಡಬೇಕು? ನನ್ನ ಅಭಿಪ್ರಾಯ ಹೀಗಿದೆ. ಬಾಡಿ ತುಕ್ಕು ಹಿಡಿಯದೆ, ಎಣ್ಣೆ ಸುಡದೆ ಓಡುತ್ತಿದ್ದ ಗಾಡಿಯಾದರೆ ರಿಪೇರಿ ಮಾಡಿಸಿ. ಅದೇ ಹಣಕ್ಕೆ ಅದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ. ಮೊದಲೇ ಹೊಗೆ ಉಗುಳುತ್ತಿದ್ದು, ಎಫ್.ಸಿ. ಮುಗಿಯುವ ಹತ್ತಿರವಿದ್ದರೆ, ಒಂದು ಹಸು ಮಾರಿ ಅದಕ್ಕೆ ಸುರಿಯಬೇಡಿ. ಗುಜರಿಯಿಂದ ಇಡೀ ಇಂಜಿನ್ ತಂದು ಕೂರಿಸುವವರೂ ಇದ್ದಾರೆ. ಆ ಇಂಜಿನ್ನಿನ ಬೆಲ್ಟಿಗೆ ಎಷ್ಟು ವಯಸ್ಸಾಗಿದೆ ಎಂದು ಗುಜರಿಯವರಿಗೂ ತಿಳಿದಿರುವುದಿಲ್ಲ. ಹಾಗಾಗಿ ಕೂರಿಸುವ ಮುಂಚೆಯೇ ಹೊಸ ಬೆಲ್ಟ್ ಹಾಕಿಸಬೇಕು.

ಕಟ್ಟಾಗುವ ಮೊದಲೇ

ಟೈಮಿಂಗ್ ಬೆಲ್ಟನ್ನು ನೋಡಿ ಬದಲಿಸುವುದಲ್ಲ, ಲೆಕ್ಕ ನೋಡಿ ಬದಲಿಸುವುದು. ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು ರೋಗ ಬರಲೆಂದು ಕಾದು ಹಾಕಿಸುತ್ತೇವೆಯೇ? ಗಾಡಿಯೊಂದಿಗೆ ಬಂದ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಎಂದು ಬರೆದಿರುತ್ತದೆ. ಇಂತಹ ಹಳೆಯ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 60 ಸಾವಿರದಿಂದ ಒಂದು ಲಕ್ಷದೊಳಗೆ ಇರುತ್ತದೆ. ಕಿಲೋಮೀಟರ್ ಆಗದಿದ್ದರೂ ವರ್ಷ ಕಳೆದರೆ ರಬ್ಬರಿಗೆ ವಯಸ್ಸಾಗುತ್ತದೆ. "ನಮ್ಮ ಗಾಡಿ ಜಾಸ್ತಿ ಓಡಿಲ್ಲ, ಶೆಡ್ಡಲ್ಲೇ ನಿಂತಿತ್ತು" ಎನ್ನುವುದು ಬೆಲ್ಟಿಗೆ ಒಳ್ಳೆಯ ಸುದ್ದಿಯಲ್ಲ. ಐದು ವರ್ಷಕ್ಕೊಮ್ಮೆ ಬದಲಿಸಿದರೆ ತಪ್ಪಾಗಲಾರದು.

ಎರಡನೇ ಕೈ, ಮೂರನೇ ಕೈ ಗಾಡಿ ಕೊಳ್ಳುವಾಗ ಮಾರುವವರು "ಬೆಲ್ಟು ಮೊನ್ನೆ ತಾನೇ ಹಾಕಿಸಿದ್ದು ಸ್ವಾಮಿ" ಎನ್ನಬಹುದು. ಬಿಲ್ಲಿದ್ದರೆ, ಅದರಲ್ಲಿ ತಾರೀಖು ಮತ್ತು ಕಿಲೋಮೀಟರ್ ಇದ್ದರೆ ನಂಬಿ. ಇಲ್ಲದಿದ್ದರೆ ಹಾಕಿಸಿಲ್ಲ ಎಂದೇ ಲೆಕ್ಕ ಹಿಡಿದು, ಅದರ ಖರ್ಚನ್ನು ಗಾಡಿಯ ಬೆಲೆಯಲ್ಲೇ ಚೌಕಾಶಿ ಮಾಡಿ ಕಳೆಯಿರಿ. ಗಾಡಿ ಮನೆಗೆ ಬಂದ ವಾರದಲ್ಲೇ ಬೆಲ್ಟ್ ಬದಲಾಯಿಸಿ. ಹಳೆಯ ಬೆಲ್ಟನ್ನು ಗ್ಯಾರೇಜಿನಿಂದ ಕೇಳಿ ಪಡೆಯಿರಿ. ಬದಲಿಸಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ತೆಗೆದ ಬೆಲ್ಟ್ ಚೆನ್ನಾಗಿ ಕಂಡಿತೆಂದು ಮತ್ತೆ ಹಾಕಿಸಬೇಡಿ. ಹೊಸದನ್ನು ಮಡಚಬಾರದು, ತಿರುಚಬಾರದು, ಗ್ರೀಸು ಎಣ್ಣೆ ತಾಗಿಸಬಾರದು.

ಬದಲಿಸಿದ ದಿನಾಂಕವನ್ನೂ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಓಮ್ನಿಯಾದರೆ ಇಂಜಿನ್ನು ಮುಂದಿನ ಸೀಟಿನ ಕೆಳಗಿರುವುದರಿಂದ ಚೀಟಿಯನ್ನು ಬಾಗಿಲ ಒಳಗಡೆ ಅಂಟಿಸಿದರೆ ಕಣ್ಣಿಗೆ ಬೀಳುತ್ತದೆ. ಅದೇ ಚೀಟಿಯ ಕೆಳಗೆ ಸಂಘದ ಕಾರ್ಯದರ್ಶಿಯವರ ಮತ್ತು ಪಕ್ಕದ ಊರಿನ ಒಬ್ಬ ಟೆಂಪೋದವರ ಫೋನ್ ನಂಬರನ್ನೂ ಬರೆದಿಡಿ. ಮೊಬೈಲಿನಲ್ಲಿ ನಂಬರ್ ಇದೆ ಎನ್ನಬೇಡಿ. ಆ ದಿನ ಗಾಡಿ ಓಡಿಸುತ್ತಿರುವವರು ನಿಮ್ಮ ಮಗನೋ ಸೊಸೆಯೋ ಆಗಿರಬಹುದು.